ಅಳಿಲು ಮಾರ್ಕಿನ ಸೀಮೆಯಲ್ಲಿ

ಮಧುಗಿರಿಯಲ್ಲಿ ನನ್ನ ಮೊದಲ ದಿನ ನಾನು ಕನ್ನಡದಲ್ಲಿ ಕೇಳಿದೆ, ಅಂಗಡಿಯವರು ಹಿಂದಿಯಲ್ಲಿ ಉತ್ತರ ಕೊಟ್ಟರು.

"ಶೇಂಗಾ ಎಣ್ಣಿ ಕೊಡ್ರಿ, ಹಂಗ ಒಂದಿಷ್ಟು ಚುರಮರಿ" ಎಂದಿದ್ದೆ. ಅಂಗಡಿಯವರು ನನ್ನ ಮುಖ ನೋಡಿ, ಪಕ್ಕದಲ್ಲಿದ್ದ ಹೆಂಗಸಿನ ಮುಖ ನೋಡಿ, "ಕ್ಯಾ ಹೋನಾ?" ಎಂದರು. ನಾಲ್ಕು ವರ್ಷ ಪುಣೆಯಲ್ಲಿ ಓದಿದವಳು ನಾನು. ಅಲ್ಲಿ ಕನ್ನಡ ಯಾರಿಗೂ ಅರ್ಥವಾಗುವುದಿಲ್ಲವೆಂದು ಸಿದ್ಧಳಾಗಿಯೇ ಹೋಗಿದ್ದೆ. ಇಲ್ಲಿ ಹಾಗೆ ಸಿದ್ಧಳಾಗಿರಲಿಲ್ಲ.

"ನಾ ಕನ್ನಡದಾಕೀನ ಅದೀನ್ರಿ" ಎಂದೆ.

"ಕನ್ನಡವಾ ಇದು? ಯಾವ್ ಕಡೆ ಕನ್ನಡ ಕಣಮ್ಮ?"

"ವಿಜಯಪುರ."

"ಓ, ಬಿಜಾಪುರ!" ಎಂದರು, ದೊಡ್ಡ ಒಗಟು ಬಿಡಿಸಿದವರಂತೆ. ಕೊನೆಗೆ ನಾನು ಕೈ ತೋರಿಸಿದ ಕಡೆ ನೋಡಿ, "ಕಡ್ಲೆಕಾಯಿ ಎಣ್ಣೆ ಅನ್ನು, ಕೊಡ್ತೀನಿ. ಅದು ಚುರಮರಿ ಅಲ್ಲ, ಪುರಿ" ಎಂದು ಹಳದಿ ಡಬ್ಬದಿಂದ ಎಣ್ಣೆ ಅಳೆದು ಕೊಟ್ಟರು. ಡಬ್ಬದ ಮೇಲೆ ಕೆಂಪು ಬಣ್ಣದ ಒಂದು ಅಳಿಲು ಕಡಲೆಕಾಯಿ ಹಿಡಿದು ಕೂತಿತ್ತು. ಅದರ ಬಾಲ ಮೈಗಿಂತ ದಪ್ಪವಾಗಿತ್ತು. ವಿನ್ಯಾಸ ಓದಿದ ನನ್ನ ಕಣ್ಣಿಗೆ ಆ ಹೊತ್ತಿನಲ್ಲೂ ಅದು ತಪ್ಪಾಗಿ ಕಂಡಿತು.

ನನ್ನ ಸಹಪಾಠಿಗಳು ಕೊನೆಯ ವರ್ಷದ ತರಬೇತಿಗೆ ಮುಂಬೈ, ಬೆಂಗಳೂರು, ದಿಲ್ಲಿಗೆ ಹೋದರು. ಕೆಲಸದಲ್ಲಿರುವ ಯಾವುದಾದರೂ ವಿನ್ಯಾಸಕರ ಕೈಕೆಳಗೆ ಇದ್ದು ಬರಬೇಕೆಂಬುದು ಕಾಲೇಜಿನ ನಿಯಮ. ನಾನು ಮಧುಗಿರಿಗೆ ಬಂದದ್ದು ಉಮಾದೇವಿ ಅವರಿಗಾಗಿ. ಕೊರಟಗೆರೆಯಲ್ಲಿ ಹುಟ್ಟಿ, ಮುಂಬೈಯ ಜಾಹೀರಾತು ಕಂಪನಿಯಲ್ಲಿ ಸೋಪು, ಬಿಸ್ಕತ್ತು, ಟಾನಿಕ್ಕುಗಳಿಗೆ ಹೊದಿಕೆ ಬರೆದು, ಆಮೇಲೆ ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಕಡೆಗೆ ತಮ್ಮ ಸೀಮೆಗೇ ಮರಳಿದವರು. ಒಮ್ಮೆ ನಮ್ಮ ಕಾಲೇಜಿಗೆ ಬಂದು ಅರ್ಧ ಗಂಟೆ ಮಾತಾಡಿದ್ದರು. ತಮ್ಮ ಗೆದ್ದ ಕೆಲಸಗಳನ್ನು ಬಿಟ್ಟು, ಸೋತ ಕೆಲಸಗಳನ್ನಷ್ಟೇ ತೋರಿಸಿದ್ದರು. ನಾನು ಅವರಿಗೆ ಫೋನು ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: "ಮುದ್ದೆ ತಿಂತೀಯಾ?"

ತಿನ್ನುತ್ತೇನೆ ಎಂದು ಸುಳ್ಳು ಹೇಳಿದ್ದೆ.

ಮನೆ ಹುಡುಕಿಕೊಟ್ಟವರೂ ಅವರೇ. ಕೊಡಿಗೇನಹಳ್ಳಿ ಕಡೆಯ ಬೇಸಾಯದ ಕುಟುಂಬದ ಪುಟ್ಟಲಕ್ಷ್ಮಮ್ಮ ಎಂಬವರು ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಮಹಡಿಯ ಮೇಲಿನ ಕೋಣೆ ನನ್ನದು. ಕಿಟಕಿ ತೆರೆದರೆ ಬೆಟ್ಟ. ಬೆಟ್ಟವೆಂದರೆ ಮರಗಿಡಗಳ ಬೆಟ್ಟವಲ್ಲ, ಒಂದೇ ಕಲ್ಲು. ಕಿಟಕಿಯಲ್ಲಿ ಆಕಾಶಕ್ಕೆ ಉಳಿದ ಜಾಗ ಅಂಗೈ ಅಗಲ. ನಮ್ಮ ಕಡೆ ಕಣ್ಣಿಗೆ ತಡೆಯೆಂಬುದಿಲ್ಲ. ಜೋಳದ ಹೊಲದ ಅಂಚಿನಲ್ಲಿ ನಿಂತರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ. ಅಲ್ಲಿ ಬೆಳೆದವಳಿಗೆ ಈ ಕಲ್ಲು ಯಾರೋ ಎದೆಯ ಮೇಲೆ ಕೈಯಿಟ್ಟು ನಿಲ್ಲಿಸಿದಂತೆ ಅನಿಸುತ್ತಿತ್ತು. ಮೊದಲ ವಾರ ಕಿಟಕಿ ಮುಚ್ಚಿಯೇ ಇಟ್ಟೆ.

ಮುದ್ದೆಯ ಸುಳ್ಳು ಮೊದಲ ಊಟದಲ್ಲೇ ಹೊರಬಿತ್ತು. ಪುಟ್ಟಲಕ್ಷ್ಮಮ್ಮ ತಟ್ಟೆಯ ನಡುವೆ ರಾಗಿಮುದ್ದೆ ಇಟ್ಟು, ಸುತ್ತ ಬಸ್ಸಾರು ಹುಯ್ದರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಅರೆದು ಹಾಕಿ ಮಾಡುವ ಸಾರು ಅದು. ನಾನು ರೊಟ್ಟಿಯಂತೆ ಮುರಿದು ಅಗಿಯತೊಡಗಿದೆ. ಅದು ಹಲ್ಲಿಗೆಲ್ಲ ಅಂಟಿಕೊಂಡಿತು.

"ಅಗೀಬ್ಯಾಡ ಕಣಮ್ಮ, ನುಂಗ್ಬೇಕು. ಸಾರಲ್ಲಿ ಅದ್ದಿ ಅಂಗೇ ಒಳೀಕೆ ಬುಟ್ಬುಡು" ಎಂದರು.

ನುಂಗಲು ಹೋಗಿ ಕಣ್ಣಲ್ಲಿ ನೀರು ಬಂತು. ಅವರು ನಗಲಿಲ್ಲ. ಒಳಗೆ ಹೋಗಿ ಅನ್ನ ತಂದು ಬಡಿಸಿ, "ನಾಳೀಕೆ ಸಣ್ಣ ಮುದ್ದೆ ಮಾಡ್ತೀನಿ ಬುಡು" ಎಂದರು. ಎಷ್ಟೋ ದಿನ ನನ್ನ ತಟ್ಟೆಯಲ್ಲಿ ಮನೆಯ ಮಕ್ಕಳದಕ್ಕಿಂತ ಚಿಕ್ಕ ಮುದ್ದೆ ಇರುತ್ತಿತ್ತು. ಅದು ದೊಡ್ಡದಾಗುತ್ತ ಬಂದದ್ದೇ ನನ್ನ ಇಲ್ಲಿನ ವಾಸದ ಲೆಕ್ಕ.

ಉಮಾದೇವಿಯವರ ಕೆಲಸದ ಕೋಣೆ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿತ್ತು. ಊರಿಗೆಲ್ಲ ಅವರು ಉಮಕ್ಕ. ನಾನು ಬಹಳ ದಿನ ಮೇಡಂ ಎಂದೇ ಕರೆದೆ. ಕಂಪ್ಯೂಟರ್ ಇತ್ತು, ಆದರೆ ಅದರ ಮುಂದೆ ನನ್ನನ್ನು ಕೂರಿಸಲು ಅವರಿಗೆ ಅವಸರವಿರಲಿಲ್ಲ. ಊದಿನಕಡ್ಡಿ, ಬಿತ್ತನೆ ಬೀಜ, ಹುಣಸೆಹಣ್ಣು ಮಾರುವ ಸಣ್ಣ ವ್ಯಾಪಾರಿಗಳಿಗೆ ಲೇಬಲ್ಲು ಬರೆದುಕೊಡುವುದು ಈಗ ಅವರ ಕಸುಬು. ಯಾವ ಲೇಬಲ್ಲು ಅಚ್ಚಾಗಿ ಬಂದರೂ ಮೊದಲು ತಾರಸಿಯ ಮೇಲೆ ಬಿಸಿಲಿಗೆ ಹರವಿ ಕಲ್ಲು ಹೇರುತ್ತಿದ್ದರು. ಕಾರಣ ಕೇಳಿದೆ.

"ಮುಂಬೈನಲ್ಲಿದ್ದಾಗ ಒಂದು ಊದಿನಕಡ್ಡಿ ಪ್ಯಾಕೆಟ್ ಮಾಡಿದ್ದೆ. ನೇರಳೆ ಬಣ್ಣ. ಅದಕ್ಕೆ ಬಹುಮಾನಾನೂ ಬಂತು. ಮುಂದಿನ ಬೇಸಿಗೇಲಿ ಊರಿಗೆ ಬಂದಾಗ ಶಿರಾ ಬಸ್‌ಸ್ಟ್ಯಾಂಡಿನ ಬೀಡಾ ಅಂಗಡೀಲಿ ನೇತಾಕಿದ್ರು. ಬಿಸಿಲಿಗೆ ಬೂದಿ ಬಣ್ಣ ಆಗೋಗಿತ್ತು. ಹೆಸರೂ ಕಾಣ್ತಿರ್ಲಿಲ್ಲ. ಅಂಗಡಿಯೋನು ಹಳೇ ಮಾಲು ಅಂತ ಕಡಿಮೆಗೆ ಕೊಡ್ತಿದ್ದ."

"ನೀವು ಏನು ಮಾಡಿದ್ರಿ?"

"ಒಂದು ಕೊಂಡ್ಕೊಂಡು ಹೋಗಿ ಆಫೀಸಿನ ಗೋಡೆಗೆ ಅಂಟಿಸ್ದೆ, ಬಹುಮಾನದ ಪಕ್ಕ."

ಅವರ ಪಾಠಗಳು ಹೀಗೆಯೇ ಇರುತ್ತಿದ್ದವು. ಪುಣೆಯಲ್ಲಿ ಪಾಠವೆಂದರೆ ಪರದೆಯ ಮೇಲೆ ಬೆಳಕು ಮೂಡುತ್ತಿತ್ತು, ಪ್ರತಿ ತತ್ವಕ್ಕೂ ಒಂದು ಹೆಸರಿರುತ್ತಿತ್ತು. ಇಲ್ಲಿ ಉಮಕ್ಕನ ಹಿಂದೆ ಬಸ್ಸು ಹತ್ತಿ ಲೇಬಲ್ಲು ಮಾರಾಟವಾಗುವ ಜಾಗಕ್ಕೆ ಹೋಗಬೇಕು. ಕೊಳ್ಳುವವರ ಕೈ ಯಾವುದರ ಕಡೆ ಹೋಗುತ್ತದೆಂದು ನೋಡುತ್ತ ನಿಲ್ಲಬೇಕು. "ಕೊಳ್ಳೋರು ಯಾವತ್ತೂ ನಮ್ಮ ಜೊತೆ ರೂಮಲ್ಲಿ ಇರಲ್ಲ. ಅದಕ್ಕೇ ನಾವೇ ಅವರ ಹತ್ರ ಹೋಗ್ಬೇಕು" ಎನ್ನುತ್ತಿದ್ದರು.

ಆ ತಿರುಗಾಟದಲ್ಲಿ ಹಳದಿ ಡಬ್ಬ ಎಲ್ಲೆಲ್ಲೂ ಎದುರಾಯಿತು. ಕಳ್ಳಂಬೆಳ್ಳದ ಕೆರೆಯ ಬಳಿ ಅದರಲ್ಲಿ ನೀರು ಹೊರುತ್ತಿದ್ದರು. ಶಿರಾದಲ್ಲಿ ಒಬ್ಬರ ಮನೆ ಮುಂದೆ ಅದರಲ್ಲಿ ತುಳಸಿ ಬೆಳೆದಿತ್ತು. ತಿರುಮಣಿಯ ಸೋಲಾರ್ ಪಾರ್ಕಿನ ಬೇಲಿಯ ಪಕ್ಕ, ಭೂಮಿಯನ್ನು ಗುತ್ತಿಗೆಗೆ ಕೊಟ್ಟವರ ಮನೆಯೊಂದರಲ್ಲಿ, ಕೋಳಿ ಅದರೊಳಗೆ ಮೊಟ್ಟೆಗೆ ಕೂತಿತ್ತು. ಎಣ್ಣೆ ಮುಗಿದ ಮೇಲೂ ಅಳಿಲು ಎಲ್ಲರ ಮನೆಯಲ್ಲಿ ಉಳಿದಿತ್ತು.

ಅಂಥ ಒಂದು ದಿನ ಬಸ್ಸಿನಲ್ಲಿ ನಾನು, "ಆ ಅಳಿಲಿನ ಬಾಲ ಯಾರೋ ತಿಳೀದವರು ಬರ್ದಾರ್ರಿ. ಪ್ರಮಾಣಾನ ಇಲ್ಲ" ಎಂದೆ.

ಉಮಕ್ಕ ಕಿಟಕಿಯಾಚೆ ನೋಡುತ್ತಲೇ, "ನಾನೇ ಬರೆದಿದ್ದು" ಎಂದರು.

ಊರಿಗೆ ಮರಳಿದ ಹೊಸತರಲ್ಲಿ ಪಾವಗಡದ ಎಣ್ಣೆ ಮಿಲ್ಲಿನವರಿಗಾಗಿ ಬರೆದದ್ದಂತೆ. ಆಗ ತಗಡಿನ ಮೇಲೆ ಅಚ್ಚು ಹಾಕುವಾಗ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ, ಅಷ್ಟೋ ಇಷ್ಟೋ ಜರುಗುತ್ತಿತ್ತು. ತೆಳುವಾದ ಬಾಲ ಬರೆದಿದ್ದರೆ ಅದು ಅರ್ಧ ಡಬ್ಬಗಳಲ್ಲಿ ಮೈಬಿಟ್ಟು ದೂರ ಹೋಗಿರುತ್ತಿತ್ತು. ಬಾಲ ದಪ್ಪವಿದ್ದರೆ ಜರುಗಿದ್ದು ಗೊತ್ತಾಗುವುದಿಲ್ಲ. ನಾನು ಕ್ಷಮೆ ಕೇಳಿದೆ. "ತಪ್ಪೇನಿಲ್ಲ, ಬಾಲ ದಪ್ಪ ಇರೋದು ನಿಜ ತಾನೇ" ಎಂದರು. ಆದರೆ ಆ ಡಬ್ಬವನ್ನು ಅವರು ಸುಮ್ಮನೆ ದಾಟಿ ಹೋಗುತ್ತಿರಲಿಲ್ಲವೆಂಬುದನ್ನು ಅಂದಿನಿಂದ ಗಮನಿಸತೊಡಗಿದೆ. ಎಲ್ಲಿ ಕಂಡರೂ ಕಣ್ಣು ಒಂದು ಕ್ಷಣ ಅಲ್ಲಿ ನಿಲ್ಲುತ್ತಿತ್ತು.

ತರಬೇತಿ ಅರ್ಧ ಮುಗಿದಿದ್ದಾಗ ಪಾವಗಡದ ಮಿಲ್ಲಿನಿಂದ ಚೈತ್ರಾ ಫೋನು ಮಾಡಿದಳು. ಮಿಲ್ಲಿನ ಮಾಲೀಕರ ಮಗಳು, ನನ್ನ ವಯಸ್ಸಿನವಳೇ. ತಂದೆಗೆ ಕೈಲಾಗದೆ ಹೋದ ಮೇಲೆ ವ್ಯವಹಾರವೆಲ್ಲ ಅವಳದು. ಲೇಬಲ್ಲಿನ ಕೆಲಸಕ್ಕೆ ಒಂದೆರಡು ಸಲ ಭೇಟಿಯಾಗಿದ್ದೆವು. ಒಬ್ಬಳೇ ಬಾ ಎಂದಳು. ಹೋದೆ.

ಪಾವಗಡದಲ್ಲಿ ನನ್ನ ಭಾಷೆಯ ಕಷ್ಟ ಸ್ವಲ್ಪ ಹಗುರವಾಗುತ್ತಿತ್ತು. ಅಲ್ಲಿ ಒಂದೇ ವಾಕ್ಯದೊಳಗೆ ತೆಲುಗು ಕನ್ನಡ ಎರಡೂ ಓಡಾಡುತ್ತವೆ. ಎಲ್ಲರೂ ಸ್ವಲ್ಪ ಸ್ವಲ್ಪ ಹೊರಗಿನವರೇ ಆದ್ದರಿಂದ ನನ್ನ ಮಾತಿಗೆ ಯಾರೂ ತಿರುಗಿ ನೋಡುವುದಿಲ್ಲ. ಚೈತ್ರಾ ಹುರಿದ ಕಡಲೆಕಾಯಿ ಮುಂದಿಟ್ಟು ನೇರ ವಿಷಯಕ್ಕೆ ಬಂದಳು.

"ಡಬ್ಬ ನಿಲ್ಲಿಸ್ತಿದೀವಿ. ಇನ್ಮೇಲೆ ಎಲ್ಲಾ ಪೌಚು. ಬೆಂಗಳೂರು ಮಾಲ್‌ಗಳಿಗೂ ಕಳಿಸ್ಬೇಕು. ಆ ಹಳದಿ, ಆ ಅಳಿಲು, ಅದೆಲ್ಲ ಹಳೇದಾಯ್ತು. ಹೊಸದಾಗಿ ನೀನು ಮಾಡ್ಕೊಡ್ತೀಯಾ?"

"ಉಮಕ್ಕನ್ನ ಕೇಳಿದ್ಯಾ?"

"ಅಯ್ಯೋ, ವದ್ದು" ಎಂದು ಕೈ ಮುಗಿದಳು. ಬೇಡ ಎನ್ನುವುದಕ್ಕೆ ತೆಲುಗು ಮಾತು. "ಅವ್ರು ನಮ್ಮಪ್ಪನ ಕಾಲದೋರು. ನಿಮ್ದು ತೆಗೀತೀವಿ ಅಂತ ಅವ್ರಿಗೆ ನಾನು ಹೆಂಗೆ ಹೇಳ್ಲಿ? ನೀನೇ ನಿಧಾನಕ್ಕೆ ಹೇಳು."

ವಾಪಸು ಬರುವ ಬಸ್ಸಿನಲ್ಲಿ ನನಗೆ ನಾಚಿಕೆಗಿಂತ ಮೊದಲು ಸಂತೋಷವೇ ಆಯಿತು. ಈ ನಾಲ್ಕು ತಾಲ್ಲೂಕಿನ ಅಡುಗೆಮನೆಗಳಿಗೆಲ್ಲ ಹೋಗುವ ವಸ್ತು. ನನ್ನ ಜೊತೆ ಓದಿದವರು ಯಾರಿಗೂ ಅಂಥದ್ದು ಸಿಕ್ಕಿರಲಿಲ್ಲ. ಅವರೆಲ್ಲ ದೊಡ್ಡ ಕಚೇರಿಗಳಲ್ಲಿ ಬೇರೆಯವರ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಮಧುಗಿರಿ ಹತ್ತಿರವಾದಂತೆ, ಕಲ್ಲುಬೆಟ್ಟ ಕಂಡಂತೆ, ಉಮಕ್ಕನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ.

ಮರುದಿನ ಬೆಳಿಗ್ಗೆ ಹೋದವಳೇ ಎಲ್ಲವನ್ನೂ ಹೇಳಿಬಿಟ್ಟೆ. ಉಮಕ್ಕ ಕುಂಚ ತೊಳೆಯುತ್ತಿದ್ದರು. ತೊಳೆದು, ಒರೆಸಿ, ಒಣಗಲಿಟ್ಟು ಆಮೇಲೆ ಕೂತರು.

"ನಿಂಗೆ ಮಾಡ್ಬೇಕು ಅನ್ಸುತ್ತಾ?"

"ಅನ್ಸುತ್ತೆ."

"ಮಾಡು. ಆದ್ರೆ ಇಲ್ಲಿ ಮಾಡ್ಬೇಡ. ನನ್ಗೆ ತೋರಿಸ್ಲೂಬೇಡ. ಅಚ್ಚಾಗಿ ಅಂಗಡಿಗೆ ಬಂದ್ಮೇಲೆ ನೋಡ್ತೀನಿ."

ಸಿಟ್ಟಾಗಿದ್ದರೆ ಬೈಯಬಹುದಿತ್ತು, ಬೈದಿದ್ದರೆ ನಾನು ಬಿಡಬಹುದಿತ್ತು. ಎರಡೂ ಆಗಲಿಲ್ಲ. ಹಗಲು ಅವರ ಜೊತೆ ಹುಣಸೆಹಣ್ಣಿನ ಲೇಬಲ್ಲು, ಸಂಜೆ ನನ್ನ ಕೋಣೆಯಲ್ಲಿ ಎಣ್ಣೆ ಪೌಚು. ಮೊದಲು ಕೆಲಸದ ನಡುವೆ ಕೊರಟಗೆರೆಯ ಕಥೆ, ಮುಂಬೈಯ ಕಥೆ ಎಲ್ಲ ಬರುತ್ತಿದ್ದವು. ಈಗ ಕತ್ತರಿ ಕೊಡು, ಅಂಟು ಕೊಡು ಅಷ್ಟೇ. ಒಂಟಿತನವೆಂದರೆ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ವಿಜಯಪುರದ ಬೋರ್ಡು ಕಾಣುತ್ತದೇನೋ ಎಂದು ನೋಡುವುದು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಒಂದೇ ಮೇಜಿನ ಎರಡು ಬದಿಗೆ ಕೂತೂ ಅದು ಇರುತ್ತದೆಂದು ಆಗ ಗೊತ್ತಾಯಿತು.

ನನ್ನ ಮೊದಲ ಪೌಚು ಪೂರ್ತಿ ಬಿಳಿ. ಅಳಿಲಿಲ್ಲ. ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು, ಕೆಳಗೆ ಒಂದು ಹೊಂಬಣ್ಣದ ಹನಿ. ಚೈತ್ರಾಗೆ ಬಹಳ ಹಿಡಿಸಿತು. ನನಗೂ ಹಿಡಿಸಿತ್ತು. ಅಚ್ಚಿಗೆ ಕೊಡುವ ಮುಂಚೆ ಉಮಕ್ಕನ ಅಭ್ಯಾಸ ನೆನಪಾಗಿ, ಮಾದರಿಗೆ ಮಾಡಿದ ನಾಲ್ಕಾರು ಪೌಚುಗಳಿಗೆ ಎಣ್ಣೆ ತುಂಬಿಸಿ ಕೊಡಿಗೇನಹಳ್ಳಿಯ ಒಂದು ಅಂಗಡಿಯಲ್ಲಿ ಇಡಿಸಿದೆ. ಅಂಗಡಿ ಪುಟ್ಟಲಕ್ಷ್ಮಮ್ಮನ ತಮ್ಮಂದಿರದು. ಪುಟ್ಟಲಕ್ಷ್ಮಮ್ಮನೂ ನನ್ನ ಜೊತೆ ಬಂದಿದ್ದರು. ನಾವಿಬ್ಬರೂ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತೆವು.

ಒಬ್ಬಾಕೆ ಬಂದು, "ಅಳಿಲೆಣ್ಣೆ ಕೊಡಣ್ಣ" ಎಂದಳು. ಅಂಗಡಿಯವರು ಬಿಳಿ ಪೌಚು ಕೊಟ್ಟರು. ಆಕೆ ಹಿಂದೆ ಮುಂದೆ ತಿರುಗಿಸಿ, "ಇದ್ಯಾವ್ದೋ ಬ್ಯಾರೆ ಕಂಪ್ನೀದು. ಬ್ಯಾಡ, ನಂಗೆ ಅಳಿಲಿಂದೇ ಕೊಡು" ಎಂದಳು. ಅದೇ ಎಣ್ಣೆ ಎಂದು ಅಂಗಡಿಯವರು ಹೇಳಿದರೂ ನಂಬಲಿಲ್ಲ. ಅವಳ ಹಿಂದೆ ಬಂದವರದೂ ಅದೇ ಮಾತು. ಪುಟ್ಟಲಕ್ಷ್ಮಮ್ಮ ನನ್ನ ಕಡೆ ತಿರುಗಿ, "ನಾನೂ ತಕಳ್ತಿರ್ಲಿಲ್ಲ ಕಣಮ್ಮ, ಸುಳ್ಯಾಕೆ ಹೇಳ್ಲಿ. ಔಷ್ದಿ ಇದ್ದಂಗೈತೆ" ಎಂದರು.

ಅಳಿಲನ್ನು ಮರಳಿ ತರಬೇಕೆಂದಾಗ ಚೈತ್ರಾ ಒಪ್ಪಲಿಲ್ಲ. "ಒಪ್ಕೊಂಡ್ಮೇಲೆ ಹಿಂದೆ ಹೋಗೋದೇನು? ನಿನ್ನ ಕೈಲಿ ಆಗ್ದಿದ್ರೆ ಬೆಂಗಳೂರಲ್ಲಿ ಮಾಡಿಸ್ತೀನಿ" ಎಂದಳು. ಕೆಲಸ ಕೈತಪ್ಪುವ ಹಾಗೆ ಆಯಿತು. ವಾದ ಮಾಡಿ ಗೆಲ್ಲುವ ಮಾತು ನನಗೆ ಬರುವುದಿಲ್ಲ, ಅದೂ ನನ್ನದಲ್ಲದ ಕನ್ನಡದಲ್ಲಿ. "ಮಾಡಿಸು. ಅದಕ್ಕೂ ಮುಂಚೆ ನನ್ನ ಜೊತೆ ಒಂದ್ಸಲ ಕೊಡಿಗೇನಹಳ್ಳಿಗೆ ಬಾ" ಎಂದೆ. ಬಂದಳು. ಕಟ್ಟೆಯ ಮೇಲೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕೂತಳು. ತನ್ನ ಮಿಲ್ಲಿನ ಎಣ್ಣೆಯನ್ನೇ ಜನ ಬೇರೆ ಕಂಪನಿಯದೆಂದು ವಾಪಸು ಕೊಡುವುದನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಬಸ್ಸು ಹತ್ತುವಾಗ, "ಬಿಳಿ ಇರ್ಲಿ. ಅಳಿಲು ಹಾಕು" ಎಂದಳು.

ಆದರೆ ಅದೇ ಅಳಿಲನ್ನು ತಂದು ಕೂರಿಸಲಾಗಲಿಲ್ಲ. ಡಬ್ಬಕ್ಕೆ ಚಪ್ಪಟೆ ಮುಖವಿತ್ತು. ಪೌಚು ಎಣ್ಣೆ ತುಂಬಿದೊಡನೆ ನಡುವೆ ಉಬ್ಬುತ್ತದೆ. ಉಮಕ್ಕನ ಅಳಿಲು ಅದರ ಮೇಲೆ ಹೊಟ್ಟೆ ಊದಿಸಿಕೊಂಡು ಕಂಡಿತು. ನಾನು ಬೇರೆಯದೇ ಬರೆದೆ. ಕೂತಿದ್ದದ್ದು ಈಗ ತಲೆಯೆತ್ತಿ ನಿಂತಿತು, ಬಾಲ ಪೌಚಿನ ಅಂಚಿನುದ್ದಕ್ಕೂ ಏರಿತು. ಬಾಲವನ್ನು ಮಾತ್ರ ತೆಳ್ಳಗೆ ಮಾಡಲು ಕೈ ಬರಲಿಲ್ಲ. ಈಗಿನ ಅಚ್ಚಿನಲ್ಲಿ ಬಣ್ಣ ಜರುಗುವುದಿಲ್ಲ, ಬಾಲ ದಪ್ಪವಿರಲು ಕಾರಣವೇನೂ ಇರಲಿಲ್ಲ. ಆದರೂ ಜನ ಗುರುತಿಟ್ಟುಕೊಂಡಿದ್ದದ್ದು ಆ ಬಾಲವನ್ನೇ.

ಪೌಚು ಅಂಗಡಿಗೆ ಬಂದ ವಾರ ಉಮಕ್ಕ ತಾವೇ ಹೋಗಿ ಒಂದನ್ನು ಕೊಂಡು ತಂದರು. ಮೇಜಿನ ಮೇಲಿಟ್ಟು, ಕನ್ನಡಕ ಹಾಕಿ, ಬೆಳಕಿಗೆ ತಿರುಗಿಸಿ ನೋಡಿದರು. ನಾನು ಎದುರಿಗೆ ನಿಂತೇ ಇದ್ದೆ.

"ಹಿಂದುಗಡೆ ಅಕ್ಷರ ಸಣ್ಣದಾಯ್ತು. ನನ್ನಂಥೋರಿಗೆ ಓದಕ್ಕಾಗಲ್ಲ" ಎಂದರು ಮೊದಲು. ಆಮೇಲೆ, "ಅಳಿಲು ಚೆನ್ನಾಗಿದೆ. ನಂದಲ್ಲ. ಒಳ್ಳೇದೇ ಆಯ್ತು" ಎಂದರು.

ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಆಗ ಹೊರಬಂತು. "ನೀವು ಮೊದ್ಲೇ ಯಾಕೆ ನೋಡ್ಲಿಲ್ಲ?"

ಅವರು ಕನ್ನಡಕ ತೆಗೆದರು. "ಮುಂಬೈನಲ್ಲಿ ಮೊದಲ್ನೇ ವರ್ಷ ನಮ್ಮ ಬಾಸ್ ಮಾಡಿದ್ದ ಒಂದು ಸೋಪಿನ ಕವರನ್ನ ಹೊಸದಾಗಿ ಬರೆಯೋ ಕೆಲಸ ನನಗೆ ಬಂತು. ದಿನಾ ತಗೊಂಡು ಹೋಗಿ ಅವರಿಗೆ ತೋರಿಸ್ತಿದ್ದೆ. ಅವರು ದಿನಾ ಒಂದೊಂದು ಗೆರೆ ತಿದ್ದೋರು. ಕೆಟ್ಟೋರಲ್ಲ, ಬಹಳ ಒಳ್ಳೆಯವರು. ಕೊನೆಗೆ ನೋಡಿದ್ರೆ ಅದು ಅವರ ಹಳೇ ಕವರೇ ಆಗಿತ್ತು. ನನ್ನದು ಅನ್ನೋದು ಒಂದು ಚುಕ್ಕೀನೂ ಉಳಿದಿರ್ಲಿಲ್ಲ. ನೋಡಿದ್ರೆ ಕೈ ಸುಮ್ನಿರಲ್ಲ ಶೈಲಾ. ನಂದೂ ಅಂಥದ್ದೇ ಕೈ."

ಪೌಚನ್ನು ಮೇಜಿನ ಬದಿಗೆ ಸರಿಸಿ, "ಬೇಜಾರಾಗ್ಲಿಲ್ಲ ಅಂತ ತಿಳ್ಕೋಬೇಡ. ಆಯ್ತು" ಎಂದರು. ಅಷ್ಟು ಹೇಳಿ ಕುಂಚ ಕೈಗೆತ್ತಿಕೊಂಡರು. ಅಂದು ಮಧ್ಯಾಹ್ನ ಕೊರಟಗೆರೆಯ ಕಥೆಯೊಂದು ತಾನಾಗಿ ಶುರುವಾಯಿತು. ನಾನು ಅವರನ್ನು ಮೊದಲ ಸಲ ಎದುರಿಗೇ ಉಮಕ್ಕ ಎಂದು ಕರೆದೆ. ಅವರು ಅದನ್ನು ಗಮನಿಸಿದರೋ ಇಲ್ಲವೋ, ಕಥೆ ನಿಲ್ಲಿಸಲಿಲ್ಲ.

ತರಬೇತಿ ಮುಗಿದು, ಕಾಲೇಜಿನ ಪ್ರಮಾಣಪತ್ರವೂ ಬಂದಿದೆ. ಪುಣೆಯಲ್ಲಿ ಕೆಲಸವೊಂದು ಸಿಗುವುದಿತ್ತು. ನಾನು ಮಧುಗಿರಿಯಲ್ಲೇ ಉಳಿದೆ. ಯಾಕೆಂದು ಗೆಳತಿಯರು ಕೇಳಿದಾಗ, ಕೆಲಸ ಕಲಿಯುವುದು ಬಾಕಿಯಿದೆ ಎನ್ನುತ್ತೇನೆ. ಅದು ನಿಜ, ಪೂರ್ತಿ ನಿಜವಲ್ಲ. ಶಿರಾ ಸಂತೆಯಲ್ಲಿ "ಕಡ್ಲೆಕಾಯಿ ಹೆಂಗಣ್ಣ?" ಎಂದು ಕೇಳಿದಾಗ ಈಗ ಯಾರೂ ಹಿಂದಿಯಲ್ಲಿ ಉತ್ತರಿಸುವುದಿಲ್ಲ. ಆ ಗೆಲುವನ್ನು ಪುಣೆಯವರಿಗೆ ಹೇಳುವುದು ಹೇಗೆ?

ಕಳೆದ ಹಬ್ಬಕ್ಕೆ ವಿಜಯಪುರಕ್ಕೆ ಹೋಗುವಾಗ ಒಂದು ಪೌಚು ಚೀಲದಲ್ಲಿಟ್ಟುಕೊಂಡಿದ್ದೆ. ಅದು ಅಲ್ಲಿ ಮಾರಾಟಕ್ಕಿಲ್ಲ. ಅಪ್ಪ ಅದನ್ನು ಹಿಡಿದು ಹಿಂದೆ ಮುಂದೆ ಹುಡುಕಿ, "ನಿನ್ನ ಹೆಸರ ಎಲ್ಲೈತಿ?" ಎಂದರು.

"ಹೆಸರ ಹಾಕೂದಿಲ್ಲಪ್ಪ."

"ಮತ್ತ ಅಲ್ಲಿ ಮಂದಿಗೆ ಹ್ಯಾಂಗ ಗೊತ್ತಾಗತೈತಿ?"

"ಗೊತ್ತಾಗೂದಿಲ್ಲ."

ಅಪ್ಪ ತಲೆಯಾಡಿಸಿ ಅವ್ವನ ಕೈಗೆ ಕೊಟ್ಟರು. ಅವ್ವ ಕತ್ತರಿಯಿಂದ ಅಳಿಲಿನ ಕಿವಿಯ ಮೇಲೆ ಸರಕ್ಕನೆ ಕತ್ತರಿಸಿ ಎಣ್ಣೆ ಬಾಣಲೆಗೆ ಸುರಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿ, ರುಚಿ ನೋಡಿ, ನ್ಯಾಯ ಹೇಳುವವಳಂತೆ, "ಛಲೋ ಐತಿ. ಆದ್ರ ನಮ್ಮ ಕುಸುಬಿ ಎಣ್ಣಿಯಂಗ ಇಲ್ಲ ಬಿಡವಾ" ಎಂದಳು. ನಾನೂ ತಿಂದು ನೋಡಿದೆ. ಅವಳ ಮಾತು ನಿಜ ಅನಿಸಿತು. ಮಧುಗಿರಿಯ ಬಸ್ಸಾರಿಗೆ ಕುಸುಬೆ ಎಣ್ಣೆಯ ಒಗ್ಗರಣೆ ಕೊಟ್ಟರೆ ಅದೂ ಒಗ್ಗುವುದಿಲ್ಲ ಎಂದೂ ಅನಿಸಿತು. ಎರಡನೆಯದನ್ನು ಹೇಳಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಪುಟ್ಟಲಕ್ಷ್ಮಮ್ಮ. ಹಬ್ಬ ಹೆಂಗಾಯ್ತು, ಅಪ್ಪ ಅಮ್ಮ ಹೆಂಗವ್ರೆ ಎಂದೆಲ್ಲ ಕೇಳಿ, "ಊರಿಗ್ಯಾವಾಗ ಬರ್ತೀಯಾ?" ಎಂದರು. ಉತ್ತರ ಕೊಟ್ಟು ಫೋನು ಇಟ್ಟೆ.

"ಯಾರವಾ?" ಎಂದಳು ಅವ್ವ.

"ಮನಿ ಮಾಲಕ್ರು. ಊರಿಗೆ ಯಾವಾಗ ಬರ್ತಿ ಅಂತ ಕೇಳಿದ್ರು."

"ಊರಿಗೇ ಬಂದೀನಿ ಅಂತ ಹೇಳಬೇಕಿತ್ತಿಲ್ಲ?" ಎಂದು ಅವ್ವ ನಕ್ಕಳು.

ನಾನು ಹಾಗೆ ಹೇಳಿರಲಿಲ್ಲ. ಸೋಮವಾರ ಬಂದ್ಬುಡ್ತೀನಿ ಎಂದಿದ್ದೆ.